ಮೇಜು ಗುದ್ದುವವನು, ಕನ್ನಡಕ ತೆಗೆಯುವವನು

ನನ್ನ ಗಂಡನಿಗೂ ನನ್ನ ತಮ್ಮನಿಗೂ ಮಾತಿಲ್ಲ. ಜಮೀನಿನ ಜಗಳವಲ್ಲ, ಮನೆ ಪಾಲಿನದೂ ಅಲ್ಲ. ಟಿ.ವಿ.ಯಲ್ಲಿ ಕೂತು ಕೂಗಾಡುವ ಇಬ್ಬರು ಗಂಡಸರಿಗಾಗಿ ಮಾತು ಬಿಟ್ಟರು. ಇವರಿಬ್ಬರು ಭೂಮಿ ಮೇಲೆ ಇದ್ದಾರೆಂಬುದೂ ಆ ಇಬ್ಬರಿಗೆ ಗೊತ್ತಿಲ್ಲ.

ತಮ್ಮನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವರೇ ನಮ್ಮನೆಯವರು. ಒಂದೇ ಪಾಳಿ, ಒಂದೇ ಬುತ್ತಿ. ರಿಟೈರಾದ ಮೇಲೆ ಅವನು ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಕಟ್ಟಿದ, ನಾವು ಇಲ್ಲೇ ಉಳಿದೆವು. ಆಗಲೂ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ. ಭಾವ ಭಾವಮೈದ ಕೂತು ಟಿ.ವಿ. ನೋಡುತ್ತಿದ್ದರು.

ನಾನು ಓದಿದ್ದು ಎರಡನೇ ಕ್ಲಾಸು. ಟಿ.ವಿ.ಯ ಕೆಳಗೆ ಓಡುವ ಅಕ್ಷರವನ್ನು ಅರ್ಧ ಕೂಡಿಸುವಷ್ಟರಲ್ಲಿ ಅದು ಓಡಿಹೋಗಿರುತ್ತದೆ. ಅದಕ್ಕೇ ನಾನು ಮುಖ ನೋಡುತ್ತೇನೆ. ಚರ್ಚೆಗೆ ಬರುವವರಲ್ಲಿ ಒಬ್ಬ ಮೇಜು ಗುದ್ದುತ್ತಾನೆ. ಇನ್ನೊಬ್ಬ ಮಾತಿಗೆ ಮುಂಚೆ ಕನ್ನಡಕ ತೆಗೆದು, ಎದುರಿನವನು ದಡ್ಡ ಎಂಬಂತೆ ನಗುತ್ತಾನೆ. ಒಬ್ಬ ಸರ್ಕಾರದ ಕಡೆ, ಒಬ್ಬ ಎದುರು ಎಂದು ತಮ್ಮ ಹೇಳಿಕೊಟ್ಟಿದ್ದ. ಬೆಂಗಳೂರಿನಲ್ಲಿ ಒಂದು ಸರ್ಕಾರ, ದಿಲ್ಲಿಯಲ್ಲಿ ಇನ್ನೊಂದು. ಯಾರು ಯಾವುದರ ಕಡೆ ಎಂದು ಲೆಕ್ಕ ಹಿಡಿಯಲು ಹೋಗಿ ನನ್ನ ತಲೆ ಕೆಟ್ಟಿತು, ಬಿಟ್ಟೆ.

ಬರಬರುತ್ತಾ ನಮ್ಮನೆಯವರೂ ಗುದ್ದತೊಡಗಿದರು. ಸ್ಟೂಲಿನ ಮೇಲಿನ ಕಾಫಿ ಲೋಟ ಹಾರುತ್ತಿತ್ತು. ತಮ್ಮ ಕನ್ನಡಕ ತೆಗೆದು ನಗುವುದು ಕಲಿತ. ಕನ್ನಡಕ ತೆಗೆದರೆ ಅವನಿಗೆ ಎದುರಿಗಿರುವ ಬಾಗಿಲೂ ಕಾಣುವುದಿಲ್ಲ.

ನಮ್ಮ ಕಡೆ ನಾಗರಪಂಚಮಿಗೆ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹೂವಿನಲ್ಲಿ ಹಾಲು ಅದ್ದಿ ಸವರಿ, ತಣ್ಣಗಿರು ಎನ್ನುತ್ತೇವೆ. ಮೂರು ವರ್ಷದ ಹಿಂದಿನ ಪಂಚಮಿಗೆ ತಮ್ಮ ಅಂಗಿ ಬಿಚ್ಚಿ ಮಣೆಯ ಮೇಲೆ ಕೂತಿದ್ದ, ಕಣ್ಣು ಟಿ.ವಿ.ಯ ಮೇಲೆ. ಹಬ್ಬದ ದಿನವೂ ಅವರಿಬ್ಬರ ಜಗಳವೇ ಬರುತ್ತಿತ್ತು. ನಮ್ಮನೆಯವರು ಸ್ಟೂಲು ಗುದ್ದಿ, "ನಿನ್ನಂಥೋರಿಂದ್ಲೇ ದೇಶ ಹಾಳಾಗಿದ್ದು" ಅಂದರು.

ತಮ್ಮ ಕನ್ನಡಕ ತೆಗೆದ. "ಭಾವ, ಕೂಗೋದು ಬಿಟ್ರೆ ನಿಮಗೆ ಬೇರೇನು ಗೊತ್ತು?"

ಎರಡೂ ಅವರ ಸ್ವಂತ ಮಾತಲ್ಲ. ಹಿಂದಿನ ದಿನ ಆ ಇಬ್ಬರ ಬಾಯಲ್ಲಿ ನಾನೇ ಕೇಳಿದ್ದೆ. ಆದರೆ ನಾಟಿದ್ದು ಇವರಿಬ್ಬರಿಗೆ. ತಮ್ಮ ಒದ್ದೆ ಬೆನ್ನಿನ ಮೇಲೇ ಅಂಗಿ ಹಾಕಿಕೊಂಡು ಎದ್ದುಹೋದ. ಕಡುಬು ಒಲೆಯ ಮೇಲಿತ್ತು. ಮತ್ತೆ ಬರಲಿಲ್ಲ.

ಹೋದ ವರ್ಷ ಶಿವಮೊಗ್ಗದಲ್ಲಿ ನೆಂಟರ ಮದುವೆ. ಭಾವ ಬರುತ್ತಾರೆಂದು ತಮ್ಮ ಬರಲಿಲ್ಲ, ತಮ್ಮ ಬರುತ್ತಾನೆಂದು ಇವರು ಬರಲಿಲ್ಲ. ನಾನೊಬ್ಬಳೇ ಹೋದೆ. ಪಂಕ್ತಿಯಲ್ಲಿ ಕೂತು ನೋಡಿದರೆ ಎದುರುಗಡೆ ಟಿ.ವಿ.ಯ ಆ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದಾರೆ. ಹುಡುಗಿಯ ಅಪ್ಪನಿಗೆ ಇಬ್ಬರೂ ಬೇಕಾದವರಂತೆ. ಮೇಜು ಗುದ್ದುವವನು ತನ್ನ ಹೋಳಿಗೆ ಎತ್ತಿ ಇನ್ನೊಬ್ಬನ ಎಲೆಗೆ ಹಾಕಿದ. "ನಂಗೆ ಶುಗರ್ ಕಣೋ, ನೀನೇ ತಿನ್ನು." ದನಿ ಇಷ್ಟೇ ಇಷ್ಟು.

ನನಗೆ ತಡೆಯಲಾಗಲಿಲ್ಲ. "ಏನ್ ಸಾರ್, ಇಲ್ಲಿ ಗುದ್ದಲ್ವಾ?"

"ಎಲೆ ಹರಿದುಹೋಗುತ್ತಲ್ಲ ಅಜ್ಜಿ!"

"ಮೊನ್ನೆ ಇವರಿಗೆ ದೇಶ ಬಿಟ್ಟು ಹೋಗು ಅಂದ್ರಿ."

"ಅಂದೆ. ಇವತ್ತು ಬೆಂಗಳೂರಿಂದ ಇವನ ಕಾರಲ್ಲೇ ಬಂದೆ."

ಕನ್ನಡಕದವನು ಅನ್ನ ಕಲಸುತ್ತಾ ಹೇಳಿದ, "ಅಲ್ಲಿ ಮೆಲ್ಲಗೆ ಮಾತಾಡಿದ್ರೆ ಮುಂದಿನ ವಾರ ಕರೆಯಲ್ಲ ಅಜ್ಜಿ. ಕಿರುಚಿದ್ರೇನೇ ಜನ ನೋಡೋದು."

"ನೋಡ್ತಾರೆ ಸ್ವಾಮಿ, ಚೆನ್ನಾಗಿ ನೋಡ್ತಾರೆ. ನಮ್ಮನೇಲಿ ಗುದ್ದಿ ಗುದ್ದಿ ಸ್ಟೂಲಿನ ಕಾಲು ಹೋಯ್ತು. ನನ್ನ ತಮ್ಮ ಮನೆಗೆ ಬರೋದು ಬಿಟ್ಟ."

ಇಬ್ಬರೂ ನಗು ನಿಲ್ಲಿಸಿದರು. ಗುದ್ದುವವನು "ಅಯ್ಯೋ" ಅಂದ. ಅದು ಸುಳ್ಳು ಅಯ್ಯೋ ಆಗಿರಲಿಲ್ಲ. ಇನ್ನೇನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಯಾರೋ ಫೋಟೋ ಎಂದು ಮೊಬೈಲು ಹಿಡಿದರು. ಕೂಡಲೇ ಎದೆ ಸೆಟೆಸಿದ, ಹುಬ್ಬು ಗಂಟು ಹಾಕಿದ. ಟಿ.ವಿ.ಯವನಾಗಿಬಿಟ್ಟ.

ಇನ್ನು ನಮ್ಮವರಿಬ್ಬರ ಜಗಳ ಮುಗಿಯಿತು ಎಂದುಕೊಂಡೇ ಮನೆಗೆ ಬಂದೆ. ಕಂಡದ್ದನ್ನೆಲ್ಲ ಹೇಳಿದೆ. ನಮ್ಮನೆಯವರ ಮುಖ ಅರಳಿತು. "ನೋಡಿದ್ಯಾ ಮಾರಾಯ್ತಿ ನಮ್ಮವನ ದೊಡ್ಡತನ! ಅಂಥ ಅಯೋಗ್ಯನ ಎಲೆಗೂ ತನ್ನ ಹೋಳಿಗೆ ಹಾಕಿದಾನೆ."

ಮುಂದಿನ ವಾರ ವಿನೋಬನಗರಕ್ಕೆ ಹೋಗಿ ತಮ್ಮನಿಗೂ ಹೇಳಿದೆ. ಅವನೂ ಹಿಗ್ಗಿದ. "ನಮ್ಮವನು ಎಂಥ ಮನುಷ್ಯ ನೋಡಕ್ಕಾ! ಅಂಥವನನ್ನೂ ಕಾರಲ್ಲಿ ಕೂರಿಸ್ಕೊಂಡು ಬಂದಿದಾನೆ."

"ಹಾಗಾದ್ರೆ ನೀನೂ ದೊಡ್ಡ ಮನಸ್ಸು ಮಾಡಿ ನಿನ್ನ ಭಾವನ ಹತ್ರ ಬಂದು ಕೂರೋ."

"ಭಾವ ಮೊದ್ಲು ಆ ಮಾತು ವಾಪಸ್ ತಗೊಳ್ಳಲಿ."

"ಆ ಮಾತು ಅವರದ್ದಲ್ವಲ್ಲೋ!"

ಅವನು ಎದ್ದು ಚಪ್ಪಲಿ ಮೆಟ್ಟಿದ. ಬಸ್‌ಸ್ಟಾಪಿನವರೆಗೂ ನನ್ನ ಚೀಲ ಹಿಡಿದುಕೊಂಡು ಬಂದ. ಬಸ್ಸು ಬಂದಾಗ ರಸ್ತೆ ನೋಡುತ್ತಾ, "ಭಾವಂಗೆ ಮಂಡಿ ನೋವು ಹೇಗಿದೆ?" ಅಂದ.

"ಬಂದು ಕೇಳು."

"ಪಂಚಮಿಗೆ ನೋಡಣ ಅಕ್ಕ."

ನಾನು ಹೇಳಬಾರದಿತ್ತೋ ಏನೋ. ಹೇಳದಿದ್ದರೆ ಆ ಟಿ.ವಿ.ಯವರ ಕೂಗಾಟವೇ ಒಂದು ದಿನ ಬೇಸರ ಬಂದು ಜಗಳ ಬಿಡುತ್ತಿದ್ದರು. ಈಗ ಇಬ್ಬರಿಗೂ ಅವರವರ ಮನುಷ್ಯ ದೇವರಾಗಿದ್ದಾನೆ. ಹೀಗೂ ಅರ್ಥ ಮಾಡಿಕೊಳ್ಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಈ ಪಂಚಮಿಯ ಬೆಳಿಗ್ಗೆ ನಮ್ಮನೆಯವರು ಸ್ನಾನ ಮಾಡಿ, ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಕೂತರು. ಟಿ.ವಿ. ಹಾಕಲಿಲ್ಲ. ಗೇಟಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದರು.

"ಒಂದು ಫೋನ್ ಮಾಡಿ ಬಾರೋ ಅನ್ನಿ. ಓಡಿ ಬರ್ತಾನೆ" ಅಂದೆ.

"ನಾನ್ಯಾಕೆ ಮಾಡ್ಲಿ? ಅವ್ನಿಗೆ ಕೈ ಇಲ್ವಾ?"

ಊಟದ ಹೊತ್ತು ಮೀರುವವರೆಗೂ ಕಾದರು. ಆಮೇಲೆ ಕುರ್ಚಿಯನ್ನು ಟಿ.ವಿ.ಯ ಕಡೆ ತಿರುಗಿಸಿಕೊಂಡರು.