ಕೆರೆಗೆ ಕವಿದ ಬಿಳುಪು

ಮಧುಗಿರಿಯ ಶಾಲೆಯ ಹಜಾರದಲ್ಲಿ ಮೇಣದ ಕಲೆಯ ಪ್ರದರ್ಶನ. ಹತ್ತಾರು ಜನರ ಕೆಲಸ, ವಿಷಯ ಮಾತ್ರ ಒಂದೇ: ಕೆರೆ. ಕೊಡಿಗೇನಹಳ್ಳಿಯ ನಮ್ಮಕ್ಕ ಜೇನುಮೇಣ ಕಾಯಿಸಿ, ಬಣ್ಣ ಬೆರೆಸಿ, ಹಲಗೆಯ ಮೇಲೆ ಬರೆದ ಕೆರೆಯನ್ನು ತಲುಪಿಸುವ ಹೊಣೆ ನನ್ನದು. ಅವಳ ಕೈಕೆಲಸ ಊರಾಚೆ ಹೊರಟದ್ದು ಇದೇ ಮೊದಲು. ಪುಷ್ಯ ಮಾಸದ ಚಳಿಯಲ್ಲೂ ಮೇಣ ಕರಗೀತೆಂದು ಹೆದರುವವನು ಇಡೀ ಸಂಸ್ಥಾನದಲ್ಲಿ ನಾನೊಬ್ಬನೇ ಇರಬೇಕು. ಎರಡು ದಿನ ಒದ್ದೆ ಬಟ್ಟೆ ಸುತ್ತಿ ನೀರಿನ ಗುಡಾಣದ ಪಕ್ಕದಲ್ಲಿಟ್ಟಿದ್ದೆ. ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ.

ಹಜಾರದಲ್ಲಿ ಬಿಚ್ಚಿದರೆ ಕೆರೆಯೇ ಇಲ್ಲ. ಹಲಗೆಯ ತುಂಬ ಬೂದಿ ಎರಚಿದಂಥ ಬಿಳುಪು. ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದೆ.

ಪಕ್ಕದಲ್ಲಿ ಕೆರೆಗಿಳಿದ ತನ್ನ ಮೇಣದ ಎಮ್ಮೆಯನ್ನು ಜೋಡಿಸುತ್ತಿದ್ದ ಎರಕದ ಮುದ್ದಯ್ಯ ಬಗ್ಗಿ ನೋಡಿದ. "ಏನೂ ಆಗಿಲ್ಲ ಬುಡಿ ಸ್ವಾಮಿ. ತಣ್ಣಗಿಟ್ರೆ ಜೇನುಮೇಣ ಇಂಗೇ ಬೂದಿ ಬುಡ್ತದೆ. ಒದ್ದೆ ಬಟ್ಟೆ ಸುತ್ತಿದ ಪುಣ್ಯಾತ್ಮ ಯಾರು?"

"ನಾನೇ."

"ಅಂಗಾದ್ರೆ ನಿಮ್ಮ ಶಲ್ಯಾನೇ ಕೊಡಿ."

ಅವನು ಮೆಲ್ಲಗೆ ಉಜ್ಜಿದ. ಮೊದಲು ಒಂದು ಕೆಂಪು ತಾವರೆ ಕಂಡಿತು, ಆಮೇಲೆ ಏರಿ, ಆಮೇಲೆ ನೀರು. ನನಗೆ ಉಸಿರು ಬಂತು. ಬಂದ ಉಸಿರಿನ ಜೊತೆ ಧೈರ್ಯವೂ ಬಂತು. ಎದುರು ಗೋಡೆಯ ಚಿತ್ರದಲ್ಲೂ ಅಂಥದೇ ಬಿಳುಪು ಕಂಡು, ಪಾಪ ಯಾರದೋ ಎಂದು ಶಲ್ಯ ಹಿಡಿದು ಹೊರಟೆ.

ಮುದ್ದಯ್ಯ ನನ್ನ ತೋಳು ಹಿಡಿದ. "ಅದನ್ನ ಉಜ್ಜಬ್ಯಾಡಿ ಸ್ವಾಮಿ. ಅದು ಕೊಕ್ಕರೆ."