ಕಮಲಾಕ್ಷರಿಗೆ ಬರೆದ ಚೀಟಿ

ನಾವುಂದದ ರಾಜೀವಿ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕಾದಂಬರಿ ತೆರೆದಿಟ್ಟುಕೊಳ್ಳುವ ಹೆಂಗಸು. ನಗಬೇಡಿ, ನಿಜ. "ಹ್ವಾಯ್ ರಾಜೀವಿ, ನನ್ ರವಿಕೆ ಎಂತಾಯ್ತ್?" ಎಂದು ಯಾರಾದರೂ ಬಂದರೆ, "ಇದೊಂದ್ ಪುಟ ಮುಗೀಲಿ, ಕೂಕಣಿ" ಎಂದು ಕೂರಿಸುವವಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ಹುಚ್ಚು ಹಿಡಿಸಿದವರು ಸಾಲಿಗ್ರಾಮದ ಕಮಲಾಕ್ಷರು.

ಕಮಲಾಕ್ಷರು ಲೇಖಕರು. ನಾಲ್ಕು ಪುಸ್ತಕ ಬರೆದಿದ್ದಾರೆ, ಅಲ್ಲಲ್ಲಿ ಶಾಲು ಹೊದೆಸಿಕೊಂಡಿದ್ದಾರೆ. ಅವರ ಪುಸ್ತಕ ಓದಿದವರು ಎಷ್ಟು ಮಂದಿಯೋ, ನನಗೆ ಗೊತ್ತಿಲ್ಲ. ಆದರೆ ತಾವು ಮೆಚ್ಚಿದ ಬೇರೆಯವರ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು, ತಿಂಗಳಿಗೊಂದು ಭಾನುವಾರ ಕುಂದಾಪುರಕ್ಕೆ ಬಂದು, ಓದುವವರಿಗೆಲ್ಲ ಹಂಚುತ್ತಿದ್ದರು. ಷರತ್ತು ಒಂದೇ. ವಾಪಸು ಕೊಡುವಾಗ ಪುಸ್ತಕದೊಳಗೆ ಒಂದು ಚೀಟಿ ಇರಬೇಕು. ಓದುವಾಗ ಮನಸ್ಸಿಗೆ ಬಂದದ್ದನ್ನು ಮುಚ್ಚುಮರೆಯಿಲ್ಲದೆ ಅದರಲ್ಲಿ ಬರೆಯಬೇಕು. "ಹೆದ್ರಬೇಡಿ, ಚೀಟಿ ನಾನೊಬ್ನೇ ಓದುದ್" ಅಂದಿದ್ದರು. ಓದಿ, ಅದರ ಬೆನ್ನಿಗೇ ಎರಡು ಸಾಲು ಉತ್ತರ ಬರೆದು ಮರಳಿಸುತ್ತಿದ್ದರು. ರಾಜೀವಿಗೆ ಜನ್ಮದಲ್ಲಿ ಯಾರೂ ಕಾಗದ ಬರೆದವರಲ್ಲ. ಆ ಎರಡು ಸಾಲಿಗಾಗಿ ಅವಳು ತಿಂಗಳಿಡೀ ಕಾಯುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅವಳ ಕೈಗೆ ಬಂದದ್ದು ಗಂಡನ ದಾರಿ ಕಾಯುವ ಒಬ್ಬ ಹೆಂಗಸಿನ ಕಾದಂಬರಿ. ಓದಿ ಮುಗಿಸಿ ರಾಜೀವಿ ಗೊಳೋ ಎಂದು ಅತ್ತಳು. ಅತ್ತವಳು ಹಾಗೇ ಪೆನ್ನು ಹಿಡಿದು, ಹೆತ್ತ ತಾಯಿಗೂ ಹೇಳದ್ದನ್ನು ಬರೆದಳು. ತನ್ನ ಗಂಡ ರಾಮ ಮುಂಬಯಿಯ ಹೋಟೆಲಿನಲ್ಲಿರುವುದು ಹೌದು, ಆದರೆ ಅವನಿಗೆ ಅಲ್ಲೇ ಇನ್ನೊಂದು ಸಂಸಾರವಿದೆ. ಚೌತಿ, ದೀಪಾವಳಿಗೆ ಮಗಳಿಗೆ ಎರಡು ನಿಮಿಷ ಫೋನು ಮಾಡುತ್ತಾನೆ, ಅಷ್ಟೇ. ಈಚಿನ ವರ್ಷಗಳಲ್ಲಿ ಅವನಿಂದ ಒಂದು ಕರವಸ್ತ್ರವೂ ಬಂದದ್ದಿಲ್ಲ. ದೀಪಾವಳಿಗೆ ತನ್ನ ಸೀರೆ, ಮಗಳ ಚೂಡಿದಾರ ಎರಡನ್ನೂ ಕುಂದಾಪುರದಲ್ಲಿ ತಾನೇ ಕೊಂಡು, ಟ್ರಂಕಿನಲ್ಲಿ ಮಡಚಿಟ್ಟ, ಮುಂಬಯಿಯ ದಾದರ್ ಅಂಗಡಿಯೊಂದರ ಹಳೇ ಚೀಲಕ್ಕೆ ತುಂಬಿ, "ಅಪ್ಪಯ್ಯ ಕಳ್ಸಿದ್ದ್, ಮುಂಬೈ ಬಸ್ಸಿನವ್ರ್ ಕೊಟ್ಟ್ ಹೋದ್ರ್" ಅನ್ನುತ್ತಾಳೆ. ಮಗಳು ಫೋನಿನಲ್ಲಿ ಥ್ಯಾಂಕ್ಸ್ ಹೇಳಿದರೆ ಆ ಗಂಡಸು "ಹ್ಞೂಂ" ಅನ್ನುತ್ತಾನೆ. ನಾಚಿಕೆಗೆಟ್ಟವ!

ಆ ಚೀಟಿಗೆ ಕಮಲಾಕ್ಷರ ಉತ್ತರ: "ನಿನ್ನ ಗುಟ್ಟು ನನ್ನಲ್ಲಿ ಭದ್ರ." ರಾಜೀವಿಗೆ ಹೊತ್ತ ಭಾರ ಇಳಿಸಿದ ಹಾಗಾಗಿತ್ತು.

ಡಿಸೆಂಬರಿನಲ್ಲಿ ಕುಂದಾಪುರದ ಒಂದು ಸಭಾಂಗಣದಲ್ಲಿ ಕಮಲಾಕ್ಷರದೇ ಕಾರ್ಯಕ್ರಮ, "ನಾನು ಮೆಚ್ಚಿದ ಪುಸ್ತಕಗಳು". ರಾಜೀವಿ ದೀಪಾವಳಿಯ ನೀಲಿ ಸೀರೆ ಉಟ್ಟು, ಕಾಲೇಜಿಗೆ ಹೋಗುವ ಮಗಳು ಶ್ರಾವ್ಯಳನ್ನೂ ಪಕ್ಕದ ಮನೆಯ ಕುಸುಮಕ್ಕನನ್ನೂ ಕರೆದುಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಳು. ಮೂರು ಪುಸ್ತಕದ ಮಾತು ಚಂದವೇ ಆಯಿತು. ನಾಲ್ಕನೆಯದು ಆ ಕಾದಂಬರಿ.

"ಪುಸ್ತಕ ಬದುಕನ್ನು ಎಲ್ಲಿ ಹೋಗಿ ಮುಟ್ಟುತ್ತದೆ ಕೇಳಿ," ಎಂದರು ಕಮಲಾಕ್ಷರು, ಮೈಕನ್ನು ಹತ್ತಿರಕ್ಕೆಳೆದು. "ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಓದುವವಳೊಬ್ಬಳು, ನಾವುಂದದ ಕಡೆಯವಳು. ಗಂಡ ಮುಂಬಯಿಯಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಈ ಬಡಪಾಯಿ ತಾನೇ ಸೀರೆ ಕೊಂಡು, ದಾದರ್ ಅಂಗಡಿಯ ಹಳೇ ಚೀಲಕ್ಕೆ ಹಾಕಿ, ಗಂಡ ಕಳಿಸಿದ ಎಂದು ಮಗಳಿಗೂ ಊರಿಗೂ ತೋರಿಸುತ್ತಾಳೆ!"

ಸಭೆ ಅಯ್ಯೋ ಎಂದು ಮರುಗಿತು. ಆಮೇಲೆ ಚಪ್ಪಾಳೆ. ಕುಸುಮಕ್ಕ ಮಾತ್ರ ಚಪ್ಪಾಳೆ ತಟ್ಟದೆ, ಮೆಲ್ಲ ತಿರುಗಿ ನೀಲಿ ಸೀರೆಯನ್ನು ಸೆರಗಿನಿಂದ ನಿರಿಗೆಯವರೆಗೆ ನೋಡಿದಳು. ಆ ಚೀಲವನ್ನು ಅವಳು ಮೂರು ದೀಪಾವಳಿ ಕಂಡಿದ್ದಳು. ಶ್ರಾವ್ಯಳೂ ಕಂಡಿದ್ದಳಲ್ಲ! ಎದ್ದು ಹೋದರೆ ತಾನೇ ಅವಳೆಂದು ಒಪ್ಪಿಕೊಂಡ ಹಾಗೆ. ರಾಜೀವಿ ಹಲ್ಲು ಕಚ್ಚಿ ಕೂತಳು.

ಚಹಾದ ಹೊತ್ತಿಗೆ ನೇರ ಅವರೆದುರು ಹೋಗಿ ನಿಂತಳು. "ನೀವೊಬ್ರೇ ಓದುದ್ ಅಂದಿದ್ರಿ."

"ಓದಿದ್ದ್ ನಾನೊಬ್ನೇ ಅಲ್ದಾ ಮಾರಾಯ್ತಿ? ಹೆಸ್ರ್ ಹೇಳಿದ್ನಾ? ಜನ ಎಷ್ಟ್ ಮೆಚ್ಚಿದ್ರ್ ಕಾಣ್!" ಎಂದು ನಗುತ್ತ, ಚೀಲದಿಂದ ಮುಂದಿನ ತಿಂಗಳ ಪುಸ್ತಕ ತೆಗೆದು ಚಾಚಿದರು. ತಪ್ಪು ಮಾಡಿದೆ ಎಂಬ ಅಳುಕು ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ನಿಮ್ಮನ್ನ್ ದೇವ್ರ್ ಅಂದ್ಕಂಡಿದ್ದೆ. ನನ್ ಮರ್ಯಾದಿ ಕೊಟ್ಟ್ ಚಪ್ಪಾಳೆ ತಕಂಡ್ರಿ ನೀವ್," ಎಂದು ರಾಜೀವಿ ಪುಸ್ತಕ ಮುಟ್ಟದೆ ಹೊರಬಿದ್ದಳು.

ಕುಸುಮಕ್ಕ ಪೇಟೆಯಲ್ಲಿ ಕೆಲಸವಿದೆ ಎಂದು ಜಾರಿಕೊಂಡಳು. ಬಸ್ ಸ್ಟ್ಯಾಂಡಿನವರೆಗೂ ರಾಜೀವಿಯ ಬಾಯಿ ನಿಲ್ಲಲಿಲ್ಲ. "ಎಂಥಾ ಮನ್ಷ ಕಾಣ್ ಶ್ರಾವ್ಯ! ನಂಬ್ಸಿ ಕುತ್ಗಿ ಕೊಯ್ದ. ಇಷ್ಟ್ ವರ್ಷ ನಂಬಿದ್ದಕ್ಕೆ ಹೀಂಗ್ ಮಾಡುದಾ?"

ಅಲ್ಲಿ ಶ್ರಾವ್ಯ ನಿಂತಳು. "ಅವ್ರಿಗೆ ನಿಜ ಬರ್ದ್ ಕೊಟ್ಟೆ. ನಂಗೆ ಚೂಡಿದಾರ ಕೊಟ್ಟೆ. ಮೇಲಿಂದ ಆ ಮನ್ಷನಿಗೆ ಥ್ಯಾಂಕ್ಸ್ ಬೇರೆ ಹೇಳ್ಸ್ದೆ ಅಲ್ದಾ ಅಮ್ಮ? ನಾನೂ ನಿನ್ನನ್ನೇ ನಂಬಿದ್ದ್."

ಕಮಲಾಕ್ಷರಿಗೆ ಬೈಯಲು ರಾಜೀವಿಯ ಬಾಯಲ್ಲಿ ನೂರು ಮಾತಿದ್ದವು. ಮಗಳಿಗೆ ಹೇಳಲು ಒಂದೇ ಇತ್ತು. ನಿನ್ನ ಮನಸ್ಸು ನೋಯಬಾರದೆಂದು ಮಾಡಿದೆ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಬೈಂದೂರು ಬಸ್ಸು ಬಂತು. ಶ್ರಾವ್ಯ ಮುಂದೆ ಹತ್ತಿ, ಯಾರೋ ಅಪರಿಚಿತರ ಪಕ್ಕ ಕೂತಳು. ರಾಜೀವಿಗೆ ಹಿಂದೆ ಸೀಟು ಸಿಕ್ಕಿತು. ಕಂಡಕ್ಟರ್ ಬಂದಾಗ ನೋಟು ಚಾಚಿ, "ಎರಡ್ ನಾವುಂದ" ಎಂದಳು, ಮುಂದೆ ಕೂತ ಮಗಳನ್ನು ತೋರಿಸಿ.

"ಆ ಹೆಣ್ಣ್ ಆಗ್ಳೇ ತಕಂಡಿತ್," ಎಂದ ಕಂಡಕ್ಟರ್, ಒಂದೇ ಟಿಕೆಟು ಹರಿದು ಅವಳ ಕೈಗಿಟ್ಟ.