ಮಲಗಿದಂತೆ ಮಾಡಿದ ಮಗ

“ಸಣ್ಣವರಿದ್ದಾಗ ಮನ್ಯಾಗ ಹ್ಯಾಂಗಿತ್ತರಿ?” ಎಂದು ಬೀದರದ ಡಾಕ್ಟರ್ ನನ್ನ ಗಂಡನನ್ನು ಕೇಳಿದರು. ಕುಡಿತ ಬಿಡಿಸಲೆಂದು ನಾನೂ ಅತ್ತೆಯೂ ಗಂಡನನ್ನು ಔರಾದದಿಂದ ಕರೆತಂದಿದ್ದೆವು.

ಗಂಡ ಬೇರೆಯವರ ಮನೆ ಸುದ್ದಿ ಹೇಳುವಂತೆ ಹೇಳಿದರು: “ಅಪ್ಪ ಅವ್ವಗ ಹೊಡೀತಿದ್ದರಿ. ನಾ ಕೌದಿಯೊಳಗ ನಿದ್ದಿ ಬಂದವರಂಗ ಬಿದ್ದಿರ್ತಿದ್ದೆ. ಆ ಸಪ್ಪಳ ಈಗೂ ಕೇಳ್ತದರಿ. ಕುಡಿದ್ರ ಕೇಳಂಗಿಲ್ಲ.”

ಅತ್ತೆ ಸೆರಗು ಸರಿಮಾಡಿಕೊಂಡು ಮಗನ ಕಡೆ ತಿರುಗಿದರು. “ನೀ ಮಲಗೀದಿ, ಎಚ್ಚರ ಆಗಬಾರದು ಅಂತ ನಾ ಒಮ್ಮಿನೂ ಚೀರಲಿಲ್ಲೋ ಮಗಾ.”

ಡಾಕ್ಟರ್ ಅತ್ತೆಯ ಹೆಸರಿನಲ್ಲೂ ಚಿಕಿತ್ಸೆಯ ಚೀಟಿ ಮಾಡಿಸಿದರು. ಈಗ ತಾಯಿ-ಮಗ ಒಂದೇ ಬಸ್ಸಿನಲ್ಲಿ ಚಿಕಿತ್ಸೆಗೆ ಹೋಗಿಬರುತ್ತಾರೆ. ನಡುವೆ ಭಾಲ್ಕಿಯ ಒಂದು ಮದುವೆಯಲ್ಲಿ ಗಂಡ ಕುಡಿದರು. ಮರುದಿನ ತಾವಾಗಿಯೇ ಬೀದರದ ಬಸ್ ಹತ್ತಿದರು. ಬಾಗಿಲು ಬಡಿದರೆ ಅತ್ತೆ ಈಗ ಮೊದಲಿನಂತೆ ಬೆಚ್ಚಿ ಏಳುವುದಿಲ್ಲ. ಕೂತಲ್ಲಿಂದಲೇ “ಯಾರದು?” ಎನ್ನುತ್ತಾರೆ.